ಕತೆ ಹೇಳಿದ ಮಾಸ್ತರರು ಸು.ರಂ. ಎಕ್ಕುಂಡಿ

ಕಾಗಿನೆಲೆ ಎಂದೊಡನೆ ನೆನಪಾಗುವವರು ಕನಕದಾಸರು. ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಕೊನೆಗೆ ಬಡವರ ರಾಗಿಯನ್ನೇ ಗೆಲ್ಲಿಸಿದ ‘ರಾಮಧಾನ್ಯ ಚರಿತೆ’ ಅವರದು. ಇದೇ ಸೀಮೆಯ ನೆರೆಯೂರಾದ ರಾಣೆಬೆನ್ನೂರಿನಲ್ಲಿ ಹುಟ್ಟಿ, ನಮ್ಮ ಕಾಲದಲ್ಲಿ ಪದ್ಯದ ಮೂಲಕ ಕತೆ ಹೇಳಿದ ಇನ್ನೊಬ್ಬರು ಸುಬ್ಬಣ್ಣ ರಂಗನಾಥ ಎಕ್ಕುಂಡಿ. ಕವಿಯಾಗಿ ಎಷ್ಟು ಪರಿಚಿತರೋ, ಮೃದು ಮಾತಿನ ಸಜ್ಜನರಾಗಿಯೂ ಅವರು ಅಷ್ಟೇ ಪರಿಚಿತರು.

ಅವರು ಹುಟ್ಟಿದ್ದು ೧೯೨೩ರಲ್ಲಿ. ಆಗ ಹಾವೇರಿ ಜಿಲ್ಲೆ ಇರಲಿಲ್ಲ. ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಎಕ್ಕುಂಡಿಯವರು ಗೋಕರ್ಣದ ಸಮೀಪದ ಬಂಕಿಕೊಡ್ಲಕ್ಕೆ ಬಂದು, ಆನಂದಾಶ್ರಮ ಪ್ರೌಢಶಾಲೆಯಲ್ಲಿ ಶಿಕ್ಷಕರಾದರು. ಪದವೀಧರರು ವಿರಳವಾಗಿದ್ದ ಕಾಲವದು. ಆದರೂ ಅವರು ಪೇಟೆಯ ಕಡೆ ಮುಖ ಮಾಡಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದರು.

ಆ ಬದುಕು ವ್ಯರ್ಥವಾಯಿತೇ? ಅವರ ಸಂಕಲನಗಳ ಹೆಸರುಗಳನ್ನೇ ನೋಡಿ: ‘ಮತ್ಸ್ಯಗಂಧಿ’, ‘ಬೆಳ್ಳಕ್ಕಿಗಳು’, ‘ಹಾವಾಡಿಗರ ಹುಡುಗ’. ಸುತ್ತಲಿನ ಸಾಮಾನ್ಯ ಜನ, ಹಕ್ಕಿ, ಗಿಡಮರಗಳೆಲ್ಲ ಅವರ ಕಾವ್ಯಕ್ಕೆ ಬಂದವು. ಮಧ್ವಾಚಾರ್ಯರಲ್ಲಿ ಭಕ್ತಿ, ಮಾರ್ಕ್ಸ್‌ನ ಸಮತೆಯಲ್ಲಿ ನಂಬಿಕೆ, ಎರಡೂ ಅವರೊಳಗೆ ಜಗಳವಿಲ್ಲದೆ ಬಾಳಿದವು. ಎರಡರಲ್ಲೂ ಅವರು ಹುಡುಕಿದ್ದು ಕರುಣೆಯನ್ನು.

‘ಬಕುಲದ ಹೂವುಗಳು’ ಕೃತಿಗೆ ೧೯೯೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದರು. ಮೂರೇ ವರ್ಷಗಳಲ್ಲಿ, ೧೯೯೫ರಲ್ಲಿ, ತೀರಿಕೊಂಡರು.

ಅಂಕಪಟ್ಟಿ, ಸಂಬಳ, ಹುದ್ದೆಗಳಿಂದಲೇ ಮಕ್ಕಳ ಭವಿಷ್ಯವನ್ನು ಅಳೆಯುವ ತಂದೆತಾಯಿಗಳು ಈ ಮಾಸ್ತರರ ಬದುಕನ್ನು ಒಮ್ಮೆ ಮಕ್ಕಳ ಮುಂದಿಡಬೇಕು. ದೊಡ್ಡವರಾಗಲು ದೊಡ್ಡ ಊರೇ ಬೇಕೆಂದಿಲ್ಲ. ಒಂದು ಸಂಜೆ ಟಿ.ವಿ. ಆರಿಸಿ ಅವರ ಕಥನ ಕವನವೊಂದನ್ನು ಮನೆಮಂದಿಯೆಲ್ಲ ಗಟ್ಟಿಯಾಗಿ ಓದಬಹುದು. ಕತೆ ಇರುವುದರಿಂದ ಸಣ್ಣವರಿಗೂ ಬೇಸರವಾಗದು.

ಇನ್ನೊಂದು ಮಾತು. ಪ್ರತಿ ಓಣಿಯಲ್ಲೂ ಗದರದೆ ಪಾಠ ಹೇಳಿದ, ಕಷ್ಟಕ್ಕೆ ಕೇಳದೆಯೇ ಬಂದ ಒಬ್ಬರಾದರೂ ಹಿರಿಯರಿರುತ್ತಾರೆ. ಅವರು ಹೋದ ಮೇಲೆ ಕಣ್ಣೀರಿಡುವುದು ಸಹಜವೇ. ಆದರೆ ಇರುವಾಗಲೇ ಮಕ್ಕಳನ್ನು ಕರೆದೊಯ್ದು ಅವರ ಮುಂದೆ ಕೂರಿಸಿದರೆ, ಅವರು ಹೇಳುವ ಕತೆಯಾದರೂ ಉಳಿಯುತ್ತದೆ. ಬಕುಲದ ಹೂ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ; ಆದರೆ ಅದನ್ನು ಬಿದ್ದ ದಿನವೇ ಆಯ್ದು ಇಟ್ಟುಕೊಂಡಿರಬೇಕು.