ತಂದೆತಾಯಿಯರ ಹಕ್ಕು ಮತ್ತು ರಾಜ್ಯದ ಕಾನೂನು: ಎಲ್ಲೆ ಎಲ್ಲಿದೆ?

ಅಪ್ರಾಪ್ತರ ಲೈಂಗಿಕ ಒಲವನ್ನು ಬದಲಿಸುವ ಉದ್ದೇಶದ ಚಿಕಿತ್ಸೆಯನ್ನು ಅಮೆರಿಕದ ರಾಜ್ಯಗಳಲ್ಲಿ ಮೊದಲು ನಿಷೇಧಿಸಿದ್ದು ಕ್ಯಾಲಿಫೋರ್ನಿಯಾ, 2012ರಲ್ಲಿ. ಮರುವರ್ಷ ನ್ಯೂಜೆರ್ಸಿಯೂ ಅದೇ ಹಾದಿ ಹಿಡಿಯಿತು. ಮಕ್ಕಳ ಪಾಲನೆಯಲ್ಲಿ ತಮಗಿರುವ ಹಕ್ಕನ್ನು ರಾಜ್ಯವು ಕಸಿಯುತ್ತಿದೆಯೆಂದು ಕೆಲವು ತಂದೆತಾಯಿಯರು ನ್ಯಾಯಾಲಯದ ಮೊರೆಹೊಕ್ಕರು. ಈ ವಾದದ ಸತ್ವವೇನು, ಮಿತಿಯೇನು ಎಂಬುದು ದೇವಶಾಸ್ತ್ರದ ಪ್ರಶ್ನೆಯೂ ಹೌದು.

ಮೊದಲು ಕಾನೂನಿನ ನೆಲೆಯನ್ನು ನೋಡೋಣ. ಎಲ್ಲ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಬೇಕೆಂದ ಆರೆಗನ್ ರಾಜ್ಯದ ಕಾನೂನನ್ನು ಕಥೋಲಿಕ ಕನ್ಯಾಸ್ತ್ರೀಯರ ಸಭೆಯೊಂದು ಪ್ರಶ್ನಿಸಿತು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಮಗು ರಾಜ್ಯದ ಸೊತ್ತಲ್ಲವೆಂಬ ತತ್ವವನ್ನು ಎತ್ತಿಹಿಡಿಯಿತು. ಆದರೆ ಅದೇ ನ್ಯಾಯಾಲಯ 1944ರಲ್ಲಿ, ಧರ್ಮದ ಹೆಸರಿನಲ್ಲಿಯೂ ಮಗುವನ್ನು ಅಪಾಯಕ್ಕೆ ಒಡ್ಡುವ ಹಕ್ಕು ಹೆತ್ತವರಿಗಿಲ್ಲವೆಂದಿತು. 2013ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನನ್ನು ಎತ್ತಿಹಿಡಿದ ಮೇಲ್ಮನವಿ ನ್ಯಾಯಾಲಯವು, ಹಾನಿಕರವೆಂದು ರಾಜ್ಯವು ಸಕಾರಣವಾಗಿ ಭಾವಿಸಿದ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಹಕ್ಕು ಪಾಲಕರ ಮೂಲಭೂತ ಹಕ್ಕಿನೊಳಗೆ ಸೇರದು ಎಂದಿತು. ಒಂದಂಶವನ್ನು ಮರೆಯಬಾರದು: ಆ ಕಾನೂನು ಪರವಾನಗಿ ಪಡೆದ ಚಿಕಿತ್ಸಕರಿಗೆ ಮಾತ್ರ ಅನ್ವಯಿಸುತ್ತದೆ, ಗುರುವಿನ ಬೋಧನೆಗಾಗಲಿ, ಮನೆಯ ಪ್ರಾರ್ಥನೆಗಾಗಲಿ ಅಲ್ಲ.

ಧರ್ಮಸಭೆಯ ಬೋಧನೆಯೇನು? ಹೆತ್ತವರೇ ಮಕ್ಕಳ ಪ್ರಥಮ ಶಿಕ್ಷಕರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಈ ಹಕ್ಕನ್ನು ಬೇರೆ ಯಾರೂ ಕಸಿಯಲಾಗದೆಂದು ಜಗದ್ಗುರು ದ್ವಿತೀಯ ಜಾನ್ ಪಾಲರು 1981ರಲ್ಲಿ ದೃಢಪಡಿಸಿದರು. ಆದರೆ ಈ ಹಕ್ಕು ಹುಟ್ಟುವುದು ಕರ್ತವ್ಯದಿಂದ. ವಿವೇಕ ಮೂಡುವ ಮುನ್ನ ಮಗುವು ಹೆತ್ತವರ ಆರೈಕೆಯೆಂಬ ಆತ್ಮಿಕ ಗರ್ಭದಲ್ಲಿರುತ್ತದೆಂದು ಸಂತ ತೋಮಸ್ ಅಕ್ವಿನಾಸರು ವಿವರಿಸುತ್ತಾರೆ. ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಯೆಹೂದ್ಯರ ಮಕ್ಕಳಿಗೆ ಸ್ನಾನದೀಕ್ಷೆ ಕೊಡಬಾರದೆಂಬ ಅವರ ನಿಲುವಿಗೆ ಇದೇ ಆಧಾರ. ವಿವೇಕ ಬಂದಂತೆ ಮಗು ತನ್ನ ವಿಷಯದಲ್ಲಿ ತಾನೇ ಹೊಣೆಗಾರನಾಗತೊಡಗುತ್ತದೆ ಎಂಬುದೂ ಅದೇ ವಾದದ ಭಾಗ. ಗರ್ಭವು ಕಾಪಾಡಬೇಕು, ಬಂಧಿಸಬಾರದು. ಹದಿನೈದರ ಬಾಲಕನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಚಿಕಿತ್ಸೆಗೆ ತಳ್ಳುವವರು ಈ ವಾದದ ಮೊದಲರ್ಧವನ್ನಷ್ಟೇ ಓದಿದ್ದಾರೆ.

ರಾಜ್ಯಕ್ಕೂ ಮಿತಿಯುಂಟು. ಫ್ಲಾರಿಡಾದ ಸ್ಥಳೀಯ ನಿಷೇಧಗಳು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2020ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಕೊಲರಾಡೊದ 2019ರ ಕಾನೂನಿನ ವಿಚಾರಣೆಯೊಂದಿಗೆ ಈ ವಾಕ್ ಸ್ವಾತಂತ್ರ್ಯದ ಪ್ರಶ್ನೆ 2025ರಲ್ಲಿ ಸುಪ್ರೀಂ ಕೋರ್ಟನ್ನು ತಲುಪಿತು. ಹಾನಿಯನ್ನು ತಡೆಯುವುದು ರಾಜ್ಯದ ಕರ್ತವ್ಯ. ವಿಶ್ವಾಸದ ಬೋಧನೆಯನ್ನೇ ಹಾನಿಯೆಂದು ಎಣಿಸಿದರೆ ಅದು ತನ್ನ ಎಲ್ಲೆಯನ್ನು ಮೀರುತ್ತದೆ.

ಇದು ದೂರದ ಮಾತಲ್ಲ. 2022ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ಘೋಷಿಸಿದೆ. ಪೂಜೆ ಮುಗಿದ ಮೇಲೆ ಕಣ್ಣೀರಿಟ್ಟ ತಾಯಿಯೊಬ್ಬಳು, "ಸ್ವಾಮಿ, ಮಗನನ್ನು ಸರಿಮಾಡಿಸಿ" ಎಂದು ಬೇಡಿದಾಗ ನಾವೇನು ಹೇಳಬೇಕು? ಗುಣಪಡಿಸುವ ಭರವಸೆ ಕೊಡುವುದು ನಮ್ಮ ಅಧಿಕಾರವಲ್ಲ. ಪರಿಶುದ್ಧತೆಯ ಕರೆಯನ್ನು ಮರೆಮಾಚುವುದೂ ನಮ್ಮ ಕೆಲಸವಲ್ಲ. ಇಂಥವರನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕೆಂದು ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದ ವಿಧಿಸುತ್ತದೆ. ಆದ್ದರಿಂದ ತಾಯಿಯ ಭಯವನ್ನು ಆಲಿಸೋಣ. ಮಗನ ಮಾತಿಗೂ ಅಷ್ಟೇ ಕಿವಿಗೊಡೋಣ. ಅವನು ಮನೆಯಿಂದಲೂ ದೇವಾಲಯದಿಂದಲೂ ಹೊರಗುಳಿಯದಂತೆ ನೋಡಿಕೊಳ್ಳುವುದು ಯಾವ ಕಾನೂನೂ ತಡೆಯದ ಪಾಲನಾ ಸೇವೆ.