ಸ್ಪರ್ಶಸಂಕೇತವೂ ರಿಲೇಯೂ: ಮಿಲ್ಲಿಂಗ್ ಯಂತ್ರದಲ್ಲಿ ದೋಷನಿರ್ಣಯಕ್ರಮ

ತರ್ಕಶಾಸ್ತ್ರವನ್ನು ಓದಿದವರಿಗೆ ಗಡಿಗೆ, ದಂಡ, ಚಕ್ರ, ಕುಂಬಾರ, ಅವನ ಮಣ್ಣನ್ನು ಹೊತ್ತು ತಂದ ಕತ್ತೆ ಇವೆಲ್ಲ ಚಿರಪರಿಚಿತವಾದುವು. ಗಡಿಗೆಗೆ ಕುಂಬಾರನು ಕಾರಣ, ದಂಡವೂ ಕಾರಣ. ಕತ್ತೆಯಾದರೋ ಆ ಸ್ಥಳದಲ್ಲಿದ್ದರೂ ಕಾರಣವಲ್ಲ, ಅನ್ಯಥಾಸಿದ್ಧ. ವಿಶ್ವನಾಥ ಪಂಚಾನನನು ಭಾಷಾಪರಿಚ್ಛೇದದಲ್ಲಿ ಎಣಿಸಿದ ಐದು ಅನ್ಯಥಾಸಿದ್ಧಗಳಲ್ಲಿ ಅದಕ್ಕೆ ಕಡೆಯ ಸ್ಥಾನ. ಈ ವಿವೇಚನೆಯು ಪರೀಕ್ಷೆಯ ಪ್ರಶ್ನಪತ್ರಿಕೆಯನ್ನು ದಾಟಿ ಹೊರಗೆ ಬರುವುದಿಲ್ಲವೆಂದು ತಿಳಿದವರುಂಟು. ಹಾಗಲ್ಲವೆಂಬುದಕ್ಕೆ ಲೋಹವನ್ನು ಕೆತ್ತುವ ಕಾರ್ಖಾನೆಗಳಲ್ಲಿ ಪ್ರತಿದಿನವೂ ನಡೆಯುವ ದೋಷಶೋಧನೆಯೇ ಸಾಕ್ಷಿ. ಬೆಂಗಳೂರಿನ ಪೀಣ್ಯದಂತಹ ಪ್ರದೇಶಗಳಲ್ಲಿ ಈ ಕೆಲಸವನ್ನು ಕನ್ನಡದ ಹುಡುಗರೂ ಮಾಡುತ್ತಿರುವುದರಿಂದ ಅಧ್ಯಾಪಕರಿಗೂ ಇದು ತೀರ ಹೊರಗಿನ ವಿಷಯವಲ್ಲ.

ಮಿಲ್ಲಿಂಗ್ ಯಂತ್ರವೆಂದರೆ ತಿರುಗುವ ಕಟ್ಟರಿನಿಂದ ಲೋಹವನ್ನು ಸವರಿ ಆಕಾರಕ್ಕೆ ತರುವ ಯಂತ್ರ. ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಇಂತಹ ಯಂತ್ರವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ೧೯೫೨ರಲ್ಲಿ ಪ್ರದರ್ಶಿಸಿದರು. ಅನಂತರ ಗಣಕವು ಸೇರಿ ಅದು ಸಿ.ಎನ್.ಸಿ. ಎನಿಸಿತು. ಯಂತ್ರವು ಆಜ್ಞೆಯನ್ನು ತಪ್ಪದೆ ಪಾಲಿಸುತ್ತದೆ. ಆದರೆ ಲೋಹದ ತುಂಡು ಎಲ್ಲಿದೆಯೆಂಬುದನ್ನು ತಾನಾಗಿ ಅರಿಯದು. ಆ ಕೊರತೆಯನ್ನು ತುಂಬುವುದೇ ಪ್ರೋಬ್. ಕಟ್ಟರಿನ ಸ್ಥಾನದಲ್ಲಿ, ಸ್ಪಿಂಡಲಿಗೆ ಇದನ್ನು ಸಿಕ್ಕಿಸುತ್ತಾರೆ. ತುದಿಯಲ್ಲಿ ಮಾಣಿಕ್ಯದ ಸಣ್ಣ ಗುಂಡುಳ್ಳ ಕಡ್ಡಿಯೊಂದು ಮೂರು ಸರಳುಗಳ ಮೇಲೆ ನಿಂತಿರುತ್ತದೆ. ಒಂದೊಂದು ಸರಳೂ ಎರಡೆರಡು ಗುಂಡುಗಳ ನಡುವೆ ಕುಳಿತು, ಒಟ್ಟು ಆರು ಸ್ಪರ್ಶಸ್ಥಾನಗಳ ಮೂಲಕ ವಿದ್ಯುತ್ತು ಹರಿಯುತ್ತದೆ. ಕಡ್ಡಿಯು ಏನನ್ನಾದರೂ ಮುಟ್ಟಿ ತುಸುವೇ ಬಾಗಿದರೂ ಆ ಪ್ರವಾಹಕ್ಕೆ ತಡೆಯುಂಟಾಗುತ್ತದೆ. ಆ ತಡೆಯೇ ಸಂಕೇತ. ಬಿಟ್ಟೊಡನೆ ಕಡ್ಡಿಯು ಮೊದಲಿನ ಸ್ಥಾನಕ್ಕೇ ಮರಳುತ್ತದೆ. ಕಾಂಕಾರ್ಡ್ ವಿಮಾನದ ಒಲಿಂಪಸ್ ಇಂಜಿನ್ನಿನ ಸಣ್ಣ ಇಂಧನನಾಳಗಳನ್ನು ಬಾಗಿಸದೆ ಅಳೆಯಬೇಕಾಗಿ ಬಂದಾಗ ಡೇವಿಡ್ ಮೆಕ್‌ಮರ್ಟ್ರಿ ಎಂಬವನು ೧೯೭೨ರಲ್ಲಿ ಇದನ್ನು ಕಲ್ಪಿಸಿದನು.

ಪ್ರೋಬಿಂಗ್ ಸೈಕಲ್ ಎಂಬ ಮಾತಿನಲ್ಲಿ ಸೈಕಲ್ ಎಂದರೆ ನಿಯತವಾದ ಕ್ರಿಯಾಪರಂಪರೆ, ತುಳಿಯುವ ವಾಹನವಲ್ಲ. ಮೊದಲು ಒಂದು ಎಂ-ಕೋಡ್ ರಿಲೇಯನ್ನು ಎಳೆದು ಪ್ರೋಬನ್ನು ಎಚ್ಚರಿಸುತ್ತದೆ. ಪ್ರೋಬ್ ಅತಿರಕ್ತ ಕಿರಣದಿಂದಲೋ ರೇಡಿಯೋ ತರಂಗದಿಂದಲೋ ಗ್ರಾಹಕಪೆಟ್ಟಿಗೆಗೆ ಉತ್ತರ ಕೊಡುತ್ತದೆ. ತರುವಾಯ ಜಿ ೩೧ ಎಂಬ ಆಜ್ಞೆಯಂತೆ ಯಂತ್ರವು ನಿಧಾನವಾಗಿ ಚಲಿಸಿ, ಸಂಕೇತವು ಬಂದ ಕೂಡಲೆ ಉಳಿದ ದೂರವನ್ನು ಕೈಬಿಡುತ್ತದೆ. ಹೀಗೆ ಹಾರಿಸಿಬಿಡುವುದರಿಂದಲೇ ಅದಕ್ಕೆ ಸ್ಕಿಪ್ ಸಂಕೇತವೆಂದು ಹೆಸರು. ಆ ಕ್ಷಣದ ಸ್ಥಾನವು ಫ್ಯಾನಕ್ ಪದ್ಧತಿಯಲ್ಲಿ ೫೦೬೧ ಮೊದಲಾದ ಕೋಶಗಳಲ್ಲಿ ನಿಲ್ಲುತ್ತದೆ. ಕೊನೆಗೆ ಗುಂಡಿನ ತ್ರಿಜ್ಯವನ್ನು ಲೆಕ್ಕಕ್ಕೆ ಹಿಡಿದು ಮೇಲ್ಮೈಯ ಸ್ಥಾನವನ್ನು ಬರೆದುಕೊಳ್ಳುವುದು.

ಈ ಪರಂಪರೆಯಲ್ಲಿ ಎಲ್ಲಿ ಭಂಗವಾದರೂ ಕೆಲಸಗಾರನು ಆಡುವ ಮಾತು ಒಂದೇ: ಪ್ರೋಬ್ ಕೆಟ್ಟಿದೆ. ಬೆಲೆಬಾಳುವ ಪ್ರೋಬನ್ನು ಕಳಚಿ ಹೊಸದನ್ನು ಹಾಕುತ್ತಾರೆ; ದೋಷವು ಹಾಗೆಯೇ ಉಳಿಯುತ್ತದೆ. ಕಣ್ಣಿಗೆ ಮೊದಲು ಬಿದ್ದ ವಸ್ತುವನ್ನೇ ಕಾರಣವೆಂದು ಹಿಡಿದುದರ ಫಲವಿದು. ಆದಕಾರಣ, ಭಂಗವು ಯಾವ ಘಟ್ಟದಲ್ಲಿ ಎಂಬುದನ್ನು ಮೊದಲು ಗೊತ್ತುಮಾಡತಕ್ಕದ್ದು.

ಯಂತ್ರವು ಚಲಿಸುವುದಕ್ಕೆ ಮುಂಚೆಯೇ ಎಚ್ಚರಿಕೆ ಬಂದಿತೆಂದರೆ ಸ್ಕಿಪ್ ಸಂಕೇತವು ಆಗಲೇ ಇದ್ದಿತೆಂದರ್ಥ. ಸಾಮಾನ್ಯವಾಗಿ ಗ್ರಾಹಕವು ಪ್ರೋಬಿನ ಮಾತು ಕೇಳಿಸದಿದ್ದರೆ ಅದನ್ನೂ ಸ್ಪರ್ಶವೆಂಬಂತೆಯೇ ತಿಳಿಸುತ್ತದೆ. ಮೌನವನ್ನು ಅಪಾಯವೆಂದು ಎಣಿಸುವುದು ಇಲ್ಲಿ ವಿವೇಕ. ತಂತಿ ಕಡಿದರೂ ಯಂತ್ರವು ನುಗ್ಗದೆ ನಿಲ್ಲುತ್ತದೆ. ಬ್ಯಾಟರಿ ಮುಗಿದಿರಬಹುದು, ಗ್ರಾಹಕದ ಗಾಜಿಗೆ ಕೂಲೆಂಟೂ ಲೋಹದ ಚೂರೂ ಮೆತ್ತಿರಬಹುದು, ಇಲ್ಲವೆ ಎಚ್ಚರಿಸುವ ರಿಲೇಯೇ ಕೆಲಸ ಮಾಡದಿರಬಹುದು. ಇದಕ್ಕೆ ವಿಪರೀತವಾಗಿ, ಮುಟ್ಟಿದ ಮೇಲೂ ಯಂತ್ರವು ನಿಲ್ಲದಿದ್ದರೆ ಸಂಕೇತದ ದಾರಿ ಕಡಿದಿರಬೇಕು, ಇಲ್ಲವೆ ಅದರ ಅರ್ಥವು ತಿರುಗಿರಬೇಕು. ತೆರೆದ ಸ್ಥಿತಿಯನ್ನು ಮುಚ್ಚಿದುದೆಂದು ತಿಳಿಯುವಂತೆ ಜೋಡಿಸಿದಲ್ಲಿ ಹೀಗಾಗುತ್ತದೆ. ಇದು ಎಲ್ಲಕ್ಕಿಂತ ಕೇಡಿನದು, ಕಡ್ಡಿ ಮುರಿಯುವುದು ಇಲ್ಲಿಯೇ. ಏನನ್ನೂ ಮುಟ್ಟದೆ ನಡುವೆ ನಿಂತರೆ ಅದು ಅತಿವೇಗದ ಅದುರಿನಿಂದಲೋ ಕಡ್ಡಿಯ ಭಾರದಿಂದಲೋ ಆದುದು. ಸೈಕಲ್ ನಿರ್ವಿಘ್ನವಾಗಿ ಮುಗಿದು, ಅಳತೆ ಮಾತ್ರ ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ವಿದ್ಯುತ್ತನ್ನು ದೂರಬಾರದು. ಪ್ರೋಬಿನ ಮಾಪನಶುದ್ಧಿಯನ್ನು ಹೊಸದಾಗಿ ಮಾಡಬೇಕು. ಸಲಕ್ಕೊಂದು ಬಗೆಯಾಗಿ ತಪ್ಪಿದರೆ ಸಡಿಲವಾದ ಕಡ್ಡಿಯನ್ನೋ ಮೇಲ್ಮೈಯ ಮೇಲಿನ ಚೂರನ್ನೋ ಹುಡುಕಬೇಕು.

ಪರೀಕ್ಷೆಯ ಕ್ರಮವು ಅನ್ವಯವ್ಯತಿರೇಕಗಳೇ. ಯಂತ್ರವು ನಿಶ್ಚಲವಾಗಿರುವಾಗ ಪ್ರೋಬನ್ನು ಎಚ್ಚರಿಸಿ, ನಿಯಂತ್ರಕದ ಪರದೆಯಲ್ಲಿ ಸ್ಕಿಪ್ ಸಂಕೇತದ ಸ್ಥಿತಿಯನ್ನು ತೆರೆದಿಟ್ಟು, ಕಡ್ಡಿಯನ್ನು ಬೆರಳಿನಿಂದ ಮೆಲ್ಲನೆ ಬಾಗಿಸಬೇಕು. ಮುಟ್ಟಿದಾಗ ಅಂಕೆ ಬದಲಾಗಿ, ಬಿಟ್ಟಾಗ ಮರಳಿದರೆ ಪ್ರೋಬಿನಿಂದ ನಿಯಂತ್ರಕದವರೆಗೆ ದಾರಿ ಶುದ್ಧ. ದೋಷವು ಪ್ರೋಗ್ರಾಮಿನಲ್ಲಿಯೋ ಮಾಪನಶುದ್ಧಿಯಲ್ಲಿಯೋ ಇದೆ. ಗ್ರಾಹಕದ ದೀಪ ಬದಲಾಗಿ ಪರದೆಯ ಅಂಕೆ ಬದಲಾಗದಿದ್ದರೆ ದೋಷವು ಅವೆರಡರ ನಡುವೆ. ದೀಪವೂ ಬದಲಾಗದಿದ್ದರೆ ಅದಕ್ಕೂ ಹಿಂದೆ.

ಇನ್ನು ರಿಲೇ. ತಂತಿವಾರ್ತೆಯ ಕಾಲದಿಂದ ಬಂದ ಉಪಕರಣವಿದು: ಸಣ್ಣ ಪ್ರವಾಹವು ಸುರುಳಿಯನ್ನು ಅಯಸ್ಕಾಂತವಾಗಿಸಿ, ಅದು ತಗಡನ್ನು ಎಳೆದು, ಬೇರೊಂದು ಪ್ರವಾಹದ ಬಾಗಿಲನ್ನು ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಆಜ್ಞೆ ಕೊಟ್ಟಾಗ ಟಿಕ್ಕೆಂಬ ಸದ್ದು ಕೇಳಿಸಿತು, ದೀಪವೂ ಹೊತ್ತಿತು. ಆದ್ದರಿಂದ ರಿಲೇ ಸರಿಯಾಗಿದೆಯೆಂದು ಹೇಳುವವರೇ ಹೆಚ್ಚು. ಇಲ್ಲಿ ದೀಪವೂ ಸದ್ದೂ ಮೇಲೆ ಹೇಳಿದ ಕತ್ತೆಯ ಸ್ಥಾನದವು. ಸುರುಳಿ ಎಳೆದುದಕ್ಕೆ ಅವು ಗಮಕವೇ ಹೊರತು ಬಾಗಿಲು ಮುಚ್ಚಿದುದಕ್ಕಲ್ಲ. ಕಿಡಿಯಿಂದ ಸುಟ್ಟ ಸ್ಪರ್ಶತುದಿಗಳು ಒಂದನ್ನೊಂದು ಮುಟ್ಟಿದರೂ ಪ್ರವಾಹವನ್ನು ಬಿಡದಿರಬಹುದು. ಬೆಸೆದುಕೊಂಡವು ಆಜ್ಞೆ ಹೋದರೂ ಬಿಡಿಸಿಕೊಳ್ಳದಿರಬಹುದು. ಸುರುಳಿಯುಳ್ಳ ವಾಲ್ವನ್ನು ನಡೆಸುವ ರಿಲೇಗೆ ಕಿಡಿಯನ್ನು ಅಡಗಿಸುವ ಡಯೋಡ್ ಇಲ್ಲದಿದ್ದಾಗ ಇದು ಬೇಗ ಸಂಭವಿಸುತ್ತದೆ. ಆದ್ದರಿಂದ ಹೊರಗಿನ ಉಪಕರಣದ ವಿದ್ಯುತ್ತನ್ನು ತೆಗೆದು, ಆ ತುದಿಗಳ ನಡುವೆಯೇ ಮಾಪಕವನ್ನಿಟ್ಟು ನೋಡಬೇಕು. ಅದೇ ತಂತಿಯನ್ನು ಬಳಕೆಯಲ್ಲಿಲ್ಲದ ಬೇರೊಂದು ರಿಲೇಗೆ ಬದಲಿಸಿ, ಅದರ ಎಂ-ಕೋಡ್ ಕೊಟ್ಟಾಗ ಕೆಲಸ ನಡೆದರೆ ಮೊದಲಿನ ರಿಲೇ ದುಷ್ಟವೆಂದು ನಿಶ್ಚಯಿಸಬಹುದು.

ಹಾಸ್ ಯಂತ್ರಗಳಲ್ಲಿ ಈ ಆಜ್ಞೆಗಳು ಎರಡು ಬಗೆ. ಎಂ ೫೧ ಮೊದಲಾದವು ರಿಲೇಯನ್ನು ಎಳೆದು ಕಾಯದೆ ಮುಂದುವರಿಯುತ್ತವೆ. ಎಂ ೬೧ ಮೊದಲಾದವು ಅದನ್ನು ಬಿಡಿಸುತ್ತವೆ. ಎಂ ೨೧ ಮೊದಲಾದವಾದರೋ, ಹೊರಗಿನ ಉಪಕರಣವು ಕೆಲಸ ಮುಗಿಯಿತೆಂದು ಎಂ-ಫಿನ್ ಎಂಬ ಸಂಕೇತವನ್ನು ಕಳುಹಿಸುವವರೆಗೂ ಅಲ್ಲಿಯೇ ನಿಲ್ಲುತ್ತವೆ. ಕ್ರಿಯಾಪದವನ್ನು ಬಯಸುವ ವಾಕ್ಯದ ಆಕಾಂಕ್ಷೆಯಂತಿದೆ ಇದು. ಉತ್ತರವು ಬಾರದೆ ಯಂತ್ರವು ನಿಂತರೆ ರಿಲೇಯನ್ನು ದೂರುವುದು ರೂಢಿ. ವಸ್ತುತಃ ಆಜ್ಞೆ ಹೋಗಿದೆ, ಮರುಮಾತು ಬಂದಿಲ್ಲ.

ಇಲ್ಲಿ ಒಂದು ಶಂಕೆ: ಎಂ-ಫಿನ್ನಿನ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ಯಂತ್ರವು ನಿಲ್ಲದೆ ನಡೆಯುವುದಲ್ಲ, ಅದೇ ಪರಿಹಾರವಾಗಬಾರದೇಕೆ? ಸಮಾಧಾನ: ನಡೆಯುವುದು ನಿಜ. ಆ ರಿಲೇಯು ಲೋಹದ ತುಂಡನ್ನು ಬಿಗಿಹಿಡಿಯುವ ಕ್ಲಾಂಪನ್ನು ನಡೆಸುವಂತಹುದೆಂದು ಇಟ್ಟುಕೊಳ್ಳೋಣ. ಹಿಡಿದುದಾಯಿತೆಂಬ ಮಾತನ್ನು ಕ್ಲಾಂಪಿನ ಬದಲು ತಂತಿಯೇ ಆಡತೊಡಗಿದರೆ, ಹಿಡಿಯದ ತುಂಡಿನ ಮೇಲೂ ಕಟ್ಟರ್ ಇಳಿಯುತ್ತದೆ. ತುಂಡು ಹಾರಿ ಬಳಿಯಲ್ಲಿರುವವನಿಗೆ ತಗುಲಬಹುದು. ಅವಸರದಲ್ಲಿ ಹಾಗೆ ಮಾಡುವವರುಂಟು. ಅದಕ್ಕೆ ದುರಸ್ತಿಯೆಂಬ ಹೆಸರು ಸಲ್ಲದು. ಕ್ಲಾಂಪಿನ ಒತ್ತಡವನ್ನು ತಿಳಿಸುವ ಸ್ವಿಚ್ಚನ್ನೂ ಅಲ್ಲಿಂದ ಬರುವ ತಂತಿಯನ್ನೂ ಪರೀಕ್ಷಿಸುವುದೊಂದೇ ಮಾರ್ಗ.

ಮತ್ತೊಂದು ದೋಷವು ನಾಮಕರಣದ್ದು. ಪ್ರೋಬಿಗೆಂದು ಇಟ್ಟ ರಿಲೇಗೇ ಅನಂತರ ಬಂದವನು ಗಾಳಿಯ ವಾಲ್ವನ್ನೂ ಜೋಡಿಸಿರುತ್ತಾನೆ. ಒಂದೇ ಸಂಖ್ಯೆಗೆ ಎರಡು ಅರ್ಥ. ಕಾವ್ಯದಲ್ಲಿ ಶ್ಲೇಷವು ಗುಣ, ಯಂತ್ರದಲ್ಲಿ ದೋಷ. ಗಾಳಿ ಊದಿದಾಗಲೆಲ್ಲ ಪ್ರೋಬ್ ಎಚ್ಚೆತ್ತು ಬ್ಯಾಟರಿ ವ್ಯಯವಾಗುತ್ತದೆ. ಯಾವ ಎಂ-ಕೋಡಿಗೆ ಯಾವ ಉಪಕರಣವೆಂಬ ಪಟ್ಟಿಯನ್ನು ವಿದ್ಯುತ್ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿದಲ್ಲಿ ಇದು ತಪ್ಪುತ್ತದೆ.

ಯಾವ ಭಾಗವನ್ನು ಬದಲಿಸಿದರೂ ಕೆಲಸಕ್ಕೆ ಹೋಗುವ ಮುನ್ನ ಪ್ರೋಬನ್ನು ತಿಳಿದ ವ್ಯಾಸದ ಉಂಗುರದಲ್ಲಿ ಶುದ್ಧಗೊಳಿಸಿ, ಒಂದೇ ಮೇಲ್ಮೈಯನ್ನು ಹತ್ತು ಸಲ ಮುಟ್ಟಿಸಿ, ಬಂದ ಅಂಕೆಗಳನ್ನು ಬರೆದಿಡಬೇಕು. ಮುಂದಿನ ಸಲ ದೋಷ ಕಂಡಾಗ ಹೋಲಿಸುವುದಕ್ಕೆ ಆ ಹತ್ತು ಅಂಕೆಗಳು ಒದಗುತ್ತವೆ.