ಜಗಲಿ ನಿಮ್ಮದು, ಬೀಗದ ಕೈಯೂ ನಿಮ್ಮದೇ ಇರಲಿ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿಸಿಕೊಂಡು ಸಾಗರಕ್ಕೆ, ನನ್ನ ಓರಗಿತ್ತಿಯ ಮನೆಗೆ ಹೋಗಿದ್ದೆ. ಅಪ್ಪೆಮಿಡಿಯ ಕಾಲ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಡೆ ತೊಟ್ಟು ಮುರಿಯದಂತೆ ಕೊಯ್ದು ತಂದ ಮಿಡಿಗಳ ರಾಶಿ, ಇನ್ನೊಂದು ಕಡೆ ಉಪ್ಪಿನಲ್ಲಿ ಹಾಕಿಟ್ಟ ಭರಣಿಗಳು, ಮನೆ ತುಂಬಾ ಜೀರಿಗೆ ಮಿಡಿಯ ಪರಿಮಳ! ಆದರೆ ಅವಳ ಮುಖದಲ್ಲಿ ಮಾತ್ರ ಕಳೆಯಿಲ್ಲ.

"ಏನಾಯ್ತೇ?" ಎಂದೆ.

ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ತೋರಿಸಿದಳು. ತುಂಬಾ ಬಣ್ಣದ ಲೇಬಲ್‌ಗಳು, ಎರಡು ಸಾವಿರ. "ಎಲ್ಲಾ ಒಲೆಗೆ ಹಾಕೋದೇ ಅಕ್ಕಾ. ಇದ್ರಲ್ಲಿ ಅಚ್ಚು ಹಾಕಿಸಿರೋ ವೆಬ್‌ಸೈಟ್ ವಿಳಾಸ ಈಗ ನಮ್ಮದಲ್ಲ!"

ನಡೆದದ್ದು ಇಷ್ಟು. ಹನ್ನೆರಡು ವರ್ಷದಿಂದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದವಳು, 'ಈ ಕಾಲದಲ್ಲಿ ವೆಬ್‌ಸೈಟ್ ಇಲ್ಲದಿದ್ರೆ ಹೇಗೆ?' ಎಂದು ಪರಿಚಯದ ಹುಡುಗನೊಬ್ಬನಿಗೆ ಹದಿನೆಂಟು ಸಾವಿರ ಕೊಟ್ಟು ಮಾಡಿಸಿದಳು. ಸೈಟೇನೋ ಬಂತು. ತೆರೆದರೆ ಮೊದಲು ಇಂಗ್ಲಿಷಿನಲ್ಲಿ ದೊಡ್ಡ ಸ್ವಾಗತ, ಆಮೇಲೆ ಓಡುವ ಚಿತ್ರಗಳು. ಆ ಚಿತ್ರಗಳಲ್ಲಿದ್ದದ್ದು ಇವಳ ಉಪ್ಪಿನಕಾಯಿಯಲ್ಲ, ಎಲ್ಲಿಂದಲೋ ತಂದು ಅಂಟಿಸಿದ ಗಾಜಿನ ಬಾಟಲಿಗಳು. ಬೆಲೆ ಎಲ್ಲೂ ಇಲ್ಲ. ಫೋನ್ ನಂಬರು ಕೊನೆಯ ಪುಟದ ಅಡಿಯಲ್ಲಿ! ಇಡೀ ವರ್ಷಕ್ಕೆ ಬಂದದ್ದು ನಾಲ್ಕು ಆರ್ಡರು. ಅಷ್ಟರಲ್ಲಿ ಹುಡುಗ ಊರು ಬಿಟ್ಟ, ನಂಬರು ಬದಲಾಯಿಸಿದ. ಸೈಟಿನ ಹೆಸರನ್ನು ಅವನು ತನ್ನ ಹೆಸರಿನಲ್ಲೇ, ತನ್ನ ಇಮೇಲಿನಲ್ಲೇ ಕೊಂಡಿದ್ದ. ವರ್ಷದ ಹಣ ಕಟ್ಟುವವರಿಲ್ಲದೆ ಅವಧಿ ಮುಗಿಯಿತು, ಹೆಸರನ್ನು ಇನ್ನಾರೋ ಕೊಂಡುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ತಾನೆ?

ಮನೆಯಲ್ಲೇ ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾಡುವ, ಬ್ಲೌಸ್ ಹೊಲಿಯುವ, ಕುಚ್ಚು ಕಟ್ಟುವ ಸೋದರಿಯರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮಗೂ ಯಾರಾದರೂ 'ವೆಬ್‌ಸೈಟ್ ಮಾಡಿಸಿ' ಎಂದೇ ಎನ್ನುತ್ತಾರೆ. ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಮಾಡಿಸುವ ಮೊದಲು ಈ ಮನೆಯ ಕಥೆ ಕೇಳಿ.

ಮೊದಲು ಪೆನ್ನು, ಆಮೇಲೆ ಕಂಪ್ಯೂಟರು

ಅವಳ ಮಗಳು ಬಿ.ಕಾಂ. ಓದುತ್ತಿದ್ದಳು. "ದೊಡ್ಡಮ್ಮಾ, ನಾವೇ ಮಾಡೋಣ" ಎಂದಳು. ಸರಿ, ಎಲ್ಲಿಂದ ಶುರು? ನಾನು ಹೇಳಿದೆ, "ಮೊದಲು ಒಂದು ನೋಟ್‌ಬುಕ್ ತಗೋ. ಹದಿನೈದು ದಿನ, ಫೋನ್ ಮಾಡಿದವರು, ಮನೆಗೆ ಬಂದವರು ಏನೇನು ಕೇಳ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದಿಡು."

ಹದಿನೈದು ದಿನದಲ್ಲಿ ಪುಟ ತುಂಬಿತು. ಆದರೆ ಪ್ರಶ್ನೆಗಳು ಮಾತ್ರ ಆರೇಳು! ಕೆಜಿಗೆ ಎಷ್ಟು? ಬೆಳ್ಳುಳ್ಳಿ ಹಾಕ್ತೀರಾ? ಖಾರ ಜಾಸ್ತಿಯಾ? ಎಷ್ಟು ತಿಂಗಳು ಇಡಬಹುದು? ಬೆಂಗಳೂರಿಗೆ ಕಳಿಸ್ತೀರಾ, ಎಣ್ಣೆ ಸೋರಲ್ವಾ? ಈಗ ಸಿಗತ್ತಾ, ಇನ್ನು ಮುಂದಿನ ವರ್ಷವೇನಾ? ದುಡ್ಡು ಹೇಗೆ ಕೊಡೋದು?

ಈ ಪ್ರಶ್ನೆಗಳಿಗೆ ನೇರ ಉತ್ತರವೇ ಒಳ್ಳೆಯ ವೆಬ್‌ಸೈಟ್. ಮಿಕ್ಕಿದ್ದೆಲ್ಲ ಅಲಂಕಾರ. ಮಲೆನಾಡಿನ ಮನೆಗೆ ಜಗಲಿ ಇದ್ದಂತೆ ಇದು. ಬಂದವರು ಮೊದಲು ಕೂರುವುದು ಅಲ್ಲಿ. ಅವರನ್ನು ಕೂರಿಸಿ, ನೀರು ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಬೇಕೇ ಹೊರತು ಬಾಗಿಲಲ್ಲೇ ನಿಲ್ಲಿಸಿ ನಮ್ಮ ವಂಶಾವಳಿ ಓದುವುದಲ್ಲ! 1991ರಲ್ಲಿ ಟಿಮ್ ಬರ್ನರ್ಸ್ ಲೀ ಎಂಬವರು ಜಗತ್ತಿಗೆ ತೆರೆದಿಟ್ಟ ಮೊಟ್ಟಮೊದಲ ವೆಬ್‌ಸೈಟಿನಲ್ಲಿ ಒಂದು ಚಿತ್ರವೂ ಇರಲಿಲ್ಲ, ಬರೀ ಅಕ್ಷರ. ಆದರೂ ಓದುವವರಿಗೆ ಬೇಕಾದದ್ದು ಅದರಲ್ಲಿತ್ತು.

ಮೊದಲ ನೋಟಕ್ಕೆ ಏನಿರಬೇಕು?

ನಿಮ್ಮ ಗಿರಾಕಿ ಸೈಟ್ ನೋಡುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಲ್ಲ, ಕೈಯಲ್ಲಿರುವ ಫೋನಿನಲ್ಲಿ. ಬಸ್ಸಿನಲ್ಲಿ ಕೂತೋ, ಹಾಲು ಉಕ್ಕುವುದನ್ನು ಕಾಯುತ್ತಲೋ. ಆದ್ದರಿಂದ ಬೆರಳಿನಿಂದ ಕೆಳಗೆ ಸರಿಸುವ ಮೊದಲೇ ನಾಲ್ಕು ಸಂಗತಿ ಕಾಣಬೇಕು: ಏನು ಮಾರುತ್ತೀರಿ, ಯಾವ ಊರು, ಬೆಲೆ ಎಷ್ಟರಿಂದ, ಕರೆ ಮಾಡುವುದು ಹೇಗೆ. ನಂಬರನ್ನು ಮುಟ್ಟಿದೊಡನೆ ಫೋನ್ ಹೋಗಬೇಕು, ವಾಟ್ಸ್ಆಪ್ ಗುರುತು ಮುಟ್ಟಿದರೆ ವಾಟ್ಸ್ಆಪ್ ತೆರೆಯಬೇಕು. ಮಾಡಿಕೊಡುವವರಿಗೆ ಇದು ಎರಡು ನಿಮಿಷದ ಕೆಲಸ. ಆದರೆ ಕೇಳದಿದ್ದರೆ ಮರೆಯುತ್ತಾರೆ.

ಬೆಲೆ ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ. 'ಪಕ್ಕದವರು ನೋಡ್ತಾರೆ' ಎನ್ನುವ ಅಳುಕು. ನೋಡಲಿ ಬಿಡಿ! ಬೆಲೆ ಕಾಣದಿದ್ದರೆ ಕೊಳ್ಳುವವಳು 'ದುಬಾರಿ ಇರಬೇಕು' ಎಂದು ಮುಂದೆ ಹೋಗುತ್ತಾಳೆ. ಮತ್ತೆ ಕಾಲ ಕಳೆದರೆ ಸಿಗದ ಪದಾರ್ಥವಾದರೆ, ಅದನ್ನೂ ಹೇಳಬೇಕು. 'ಈ ಸಲದ ಮಿಡಿ ಮುಗಿದಿದೆ, ಹಲಸಿನ ಹಪ್ಪಳ ಸಿಗುತ್ತದೆ' ಎಂಬ ಒಂದು ಸಾಲು ಬರೆಯುವುದರಲ್ಲಿ ನಾಚಿಕೆಯೇನಿಲ್ಲ, ಮರ್ಯಾದೆಯೇ ಇದೆ. ಮೂರು ವರ್ಷದ ಹಿಂದಿನ ಬೆಲೆ ಹಾಗೇ ನೇತಾಡುತ್ತಿದ್ದರೆ ಮಾತ್ರ ಜಗಳ ತಪ್ಪಿದ್ದಲ್ಲ.

ಕನ್ನಡದಲ್ಲೇ ಬರೆಯಿರಿ

'ಕನ್ನಡದಲ್ಲಿ ಯಾರು ಹುಡುಕ್ತಾರೆ?' ಎಂದು ಆ ಹುಡುಗ ಹೇಳಿದ್ದನಂತೆ. ಯಾಕೆ ಹುಡುಕಬಾರದು? ಈಗ ಫೋನಿಗೆ ಬಾಯಲ್ಲಿ ಹೇಳಿದರೂ ಸಾಕು, ಕನ್ನಡದಲ್ಲೇ ಹುಡುಕಿ ಕೊಡುತ್ತದೆ. ಕನ್ನಡ ಮೊದಲು, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಹೀಗಿದ್ದರೆ ಪರವೂರಿನ ಮಕ್ಕಳು ಮೊಮ್ಮಕ್ಕಳಿಗೂ ಅನುಕೂಲ.

ಆದರೆ ಎರಡು ಎಚ್ಚರಿಕೆ. ಮೊದಲನೆಯದು, ಅಕ್ಷರಗಳು ಯೂನಿಕೋಡ್‌ನಲ್ಲಿ ಇರಬೇಕು. ಡಿ.ಟಿ.ಪಿ. ಅಂಗಡಿಗಳಲ್ಲಿ ಬಳಸುವ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಸಿದ್ದನ್ನು ಹಾಗೇ ಸೈಟಿಗೆ ಹಾಕಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ವಾಟ್ಸ್ಆಪ್‌ನಲ್ಲಿ ನಾವು ಬರೆಯುವ ಕನ್ನಡವಿದೆಯಲ್ಲ, ಅದು ಯೂನಿಕೋಡೇ. ಅಲ್ಲಿ ಬರೆದು ಕಳಿಸಿದರೂ ಸಾಕು. ಎರಡನೆಯದು, ಬೆಲೆಪಟ್ಟಿಯನ್ನು ಚಂದದ ಪೋಸ್ಟರ್ ಮಾಡಿ, ಅದರ ಚಿತ್ರವನ್ನಷ್ಟೇ ಹಾಕಬೇಡಿ. ಚಿತ್ರದೊಳಗಿನ ಬರಹ ಹುಡುಕಾಟಕ್ಕೆ ಸರಿಯಾಗಿ ಸಿಕ್ಕುವುದಿಲ್ಲ, ಕಣ್ಣು ಮಂಜಾದ ಅತ್ತೆಯವರಿಗೆ ಅಕ್ಷರ ದೊಡ್ಡದು ಮಾಡಿ ಓದಲೂ ಕಷ್ಟ.

'ಶುಚಿ, ರುಚಿ, ಗುಣಮಟ್ಟ' ಎಂದು ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. 'ಬೆಳ್ಳುಳ್ಳಿ ಹಾಕುವುದಿಲ್ಲ. ಬ್ಯಾಡಗಿ ಮೆಣಸು, ಬಣ್ಣ ಹೆಚ್ಚು ಖಾರ ಕಡಿಮೆ' ಎಂದು ಬರೆದರೆ ಕೊಳ್ಳುವವಳ ಬಾಯಲ್ಲಿ ನೀರೂರುತ್ತದೆ.

ಫೋಟೋ ನಿಮ್ಮ ಅಡುಗೆಮನೆಯದೇ ಆಗಲಿ

ಎರವಲು ಚಿತ್ರ ಬೇಡ. ಬೆಳಿಗ್ಗೆ ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ, ಬಿಳಿ ಬಟ್ಟೆ ಅಥವಾ ಬಾಳೆಲೆಯ ಮೇಲಿಟ್ಟು ತೆಗೆದರೆ ಸಾಕು. ಓರಗಿತ್ತಿಯ ಭರಣಿ, ಅವಳ ಕೈ, ಅಂಗಳದಲ್ಲಿ ಒಣಗುತ್ತಿರುವ ಹಪ್ಪಳ ಇವೇ ನಂಬಿಕೆ ಹುಟ್ಟಿಸುವುದು.

ಫೋನಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂ.ಬಿ. ತೂಗುವುದುಂಟು. ಅಂಥ ಹತ್ತು ಹಾಕಿದರೆ ನಲವತ್ತು ಎಂ.ಬಿ.ವರೆಗೆ ಹೋಗುತ್ತದೆ. ನಮ್ಮ ಗುಡ್ಡದ ಕಡೆಯ ಸಿಗ್ನಲಿನಲ್ಲಿ ಅದು ತೆರೆಯುವಷ್ಟರಲ್ಲಿ ಅನ್ನ ಬೇಯುತ್ತದೆ! ಒಂದೊಂದನ್ನೂ ಇನ್ನೂರು ಕೆ.ಬಿ.ಗೆ ಇಳಿಸಿ ಹಾಕಿಸಿ. ಫೋನಿನಲ್ಲಿ ನೋಡುವವರ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು, ತೆರೆಯುವ ವೇಗ ಮಾತ್ರ ಹೆಚ್ಚುತ್ತದೆ. ಓಡುವ ಚಿತ್ರ, ತಾನಾಗಿ ಹಾಡುವ ಸಂಗೀತ ಇವುಗಳ ಗೋಜೇ ಬೇಡ.

ನಂಬಿಕೆಗೆ ಆಧಾರ

ತಿನ್ನುವ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಲೇಬೇಕು. ಮನೆಯಲ್ಲೇ ಮಾಡಿ ಮಾರಿದರೂ ಬಿಡುವಂತಿಲ್ಲ. ಆ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲಿರುವಂತೆ ಸೈಟಿನಲ್ಲೂ ಇರಲಿ. ಜೊತೆಗೆ ನಿವ್ವಳ ತೂಕ, ಹಾಕಿದ ಪದಾರ್ಥಗಳು, ಎಷ್ಟು ದಿನ ಇಡಬಹುದು, ನಿಮ್ಮ ಪೂರ್ತಿ ವಿಳಾಸ. ಎಣ್ಣೆ ಸೋರಿದರೆ, ಬಾಟಲಿ ಒಡೆದರೆ ನೀವೇನು ಮಾಡುತ್ತೀರಿ ಎನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಕೊಳ್ಳುವವರ ಅರ್ಧ ಅಳುಕು ಅಲ್ಲಿಗೇ ಕಳೆಯುತ್ತದೆ.

ಸೈಟಿನ ವಿಳಾಸ 'ಎಚ್.ಟಿ.ಟಿ.ಪಿ.ಎಸ್.' ಎಂದು ಶುರುವಾಗಬೇಕು. ಕೊನೆಯ ಆ 'ಎಸ್' ಇಲ್ಲದಿದ್ದರೆ ಫೋನು 'ಇದು ಸುರಕ್ಷಿತವಲ್ಲ' ಎಂದು ಹೆದರಿಸುತ್ತದೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕೇ ಬೇರೆ ಸಾವಿರಗಟ್ಟಲೆ ಕೇಳಿದರೆ 'ಯಾಕಪ್ಪಾ?' ಎಂದು ವಿಚಾರಿಸಿ.

ಹಣ ಪಡೆಯಲು ಯು.ಪಿ.ಐ. ಇದ್ದೇ ಇದೆ. ಆದರೆ ನಂಬರು ಎಲ್ಲರಿಗೂ ಕಾಣುವಂತಾದ ಮೇಲೆ ಮೋಸಗಾರರಿಗೂ ಕಾಣುತ್ತದೆ. 'ದೊಡ್ಡ ಆರ್ಡರು ಕೊಡ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರತ್ತೆ' ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಒತ್ತುವುದು ಕೊಡುವಾಗ ಮಾತ್ರ.

ಬೀಗದ ಕೈ ಯಾರ ಬಳಿ?

ಈಗ ಮುಖ್ಯ ಮಾತಿಗೆ ಬರೋಣ. ಸೈಟಿಗೆ ಎರಡು ಭಾಗ. ಅದರ ಹೆಸರು, ಅಂದರೆ ಡೊಮೇನ್. ಅದು ಇರುವ ಜಾಗ, ಅಂದರೆ ಹೋಸ್ಟಿಂಗ್. ಅಂಗಡಿಗೆ ಬೋರ್ಡು ಒಂದು, ಮಳಿಗೆ ಇನ್ನೊಂದು ಇದ್ದ ಹಾಗೆ. ಮಳಿಗೆ ಬದಲಾಯಿಸಬಹುದು, ಜನರ ಬಾಯಲ್ಲಿರುವ ಬೋರ್ಡಿನ ಹೆಸರು ಹೋದರೆ ಹೋಯಿತು. '.ಇನ್' ಎಂದು ಮುಗಿಯುವ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಇದು ಒಂದು ಸಲ ಕೊಂಡು ಮುಗಿಸುವುದಲ್ಲ, ಅವಧಿ ಮುಗಿಯುವ ಮೊದಲು ಮತ್ತೆ ಹಣ ಕಟ್ಟುತ್ತಲೇ ಇರಬೇಕು.

ಮಾಡಿಕೊಡುವವರು ಯಾರೇ ಆಗಲಿ, ನೆಂಟರ ಹುಡುಗನೇ ಆಗಲಿ, ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ನೋಂದಣಿಯಾಗಬೇಕು. ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲಿ ಇರಬೇಕು. ಕೇಳಲು ಸಂಕೋಚ ಬೇಡ. ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ತಾನೇ ಇಟ್ಟುಕೊಂಡರೆ ಸುಮ್ಮನಿರುತ್ತೇವೆಯೇ?

'ಪುಕ್ಕಟೆ ಸಿಗುತ್ತಲ್ಲ' ಎನ್ನಬಹುದು. ಗೂಗಲ್ ಕಂಪನಿ ಅಂಗಡಿಗಳ ವಿವರ ತೋರಿಸುವ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಪುಕ್ಕಟೆ ಪುಟ್ಟ ವೆಬ್‌ಸೈಟುಗಳನ್ನೂ ಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಆ ಸೈಟುಗಳನ್ನು ನಿಲ್ಲಿಸಿಬಿಟ್ಟಿತು. ಪ್ರೊಫೈಲ್ ಮಾತ್ರ ಈಗಲೂ ಉಚಿತ. ನಕ್ಷೆಯಲ್ಲಿ ನಿಮ್ಮ ಮನೆ ಕಾಣುವಂತೆ ಅದನ್ನು ಖಂಡಿತ ಮಾಡಿಸಿಕೊಳ್ಳಿ. ಆದರೆ ಹೆಸರು ನಿಮ್ಮ ಸ್ವಂತದ್ದಿದ್ದರೆ, ಇನ್ನೊಬ್ಬರು ಮಳಿಗೆ ಮುಚ್ಚಿದರೂ ಬೋರ್ಡನ್ನು ಬೇರೆ ಕಡೆ ನೇತುಹಾಕಬಹುದು.

ಒಂದು ಕರೆ

ಓರಗಿತ್ತಿ, ಮಗಳು ಸೇರಿ ವರ್ಡ್‌ಪ್ರೆಸ್‌ನಲ್ಲಿ ಒಂದೇ ಪುಟದ ಸೈಟ್ ಮಾಡಿದರು. ಹೆಸರು ಇವಳದೇ. ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗೌರಿ ಹಬ್ಬದ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾಳೆ. ಹಣದ ಹೊಳೆ ಹರಿಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಈ ವರ್ಷ ಮಿಡಿಯ ಕಾಲದಲ್ಲಿ ನಾನಲ್ಲಿದ್ದಾಗ ಒಂದು ಫೋನ್ ಬಂತು. ಬೆಂಗಳೂರಿನಿಂದ, ಗುರುತಿಲ್ಲದ ಹೆಂಗಸು. "ನಿಮ್ಮ ಸೈಟ್ ನೋಡ್ದೆ ಕಣ್ರೀ. ಬೆಳ್ಳುಳ್ಳಿ ಹಾಕಲ್ಲ ಅಂತ ಬರ್ದಿದೀರಲ್ಲ, ನಮ್ಮತ್ತೆಗೆ ಅಂಥದ್ದೇ ಬೇಕಿತ್ತು. ಎರಡು ಕೆಜಿ ಕಳಿಸಿ, ದುಡ್ಡು ಈಗ್ಲೇ ಹಾಕ್ತೀನಿ."

ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೋನ್ ಇಟ್ಟವಳೇ ಓರಗಿತ್ತಿ ನಕ್ಕಳು. "ಎಲ್ಲಾ ಮೊದ್ಲೇ ಹೇಳಿಬಿಟ್ಟಿದೀವಲ್ಲ ಅಕ್ಕಾ, ಇನ್ನೇನು ಕೇಳ್ತಾರೆ?" ಎಂದು ಮಿಡಿಯ ಕೆಲಸಕ್ಕೆ ಕೂತಳು.

ಮಾಡಿಸುವ ಮೊದಲು ನೆನಪಿಡಿ

1. ಹದಿನೈದು ದಿನ ಗಿರಾಕಿಗಳ ಪ್ರಶ್ನೆ ಬರೆದಿಡಿ. ಆ ಪ್ರಶ್ನೆಗಳಿಗೆ ಉತ್ತರವೇ ಸೈಟು.
2. ಏನು, ಎಲ್ಲಿ, ಎಷ್ಟು, ಕರೆ ಹೇಗೆ ಎಂಬ ನಾಲ್ಕೂ ಮೊದಲ ನೋಟಕ್ಕೆ ಕಾಣಲಿ.
3. ಬರಹ ಯೂನಿಕೋಡ್ ಕನ್ನಡದಲ್ಲಿರಲಿ, ಫೋಟೋ ನಿಮ್ಮದೇ ಇರಲಿ, ಹಗುರವಾಗಿರಲಿ.
4. ಸಿದ್ಧವಾದ ಮೇಲೆ ಪಕ್ಕದ ಮನೆಯವರ ಹಳೆಯ ಫೋನಿನಲ್ಲಿ ತೆರೆದು ನೋಡಿ. ನಂಬರು ಹುಡುಕಲು ಅವರು ತಡವರಿಸಿದರೆ ಸೈಟನ್ನು ತಿದ್ದಿಸಿ.
5. ತಿಂಗಳ ಮೊದಲ ದಿನ ಬೆಲೆ, ದಾಸ್ತಾನು ಸರಿಯಿದೆಯೇ ನೋಡಿ.
6. ಡೊಮೇನ್ ನಿಮ್ಮ ಹೆಸರಿನಲ್ಲಿದೆ ಎಂದು ಖಾತ್ರಿಯಾಗುವವರೆಗೆ ಕೊನೆಯ ಕಂತಿನ ಹಣ ಕೊಡಬೇಡಿ. ಲೇಬಲ್ಲನ್ನೂ ಅಚ್ಚು ಹಾಕಿಸಬೇಡಿ!